ವಿದುರನ ಪಾತ್ರ ಬಂದಿದೆ, ಕೆ.ಎಸ್. ಅಶ್ವಥ್ ಅವರನ್ನು ನೋಡು ಅಂದರು. ಎಲ್ಲಿಂದ ಶುರು ಮಾಡಲಿ?

ಮದ್ದೂರು_ಗಾಳಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು. ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಇಟ್ಟುಕೊಂಡಿದ್ದೇವೆ, ನಾನು ವಿದುರ. ನಮ್ಮ ಕಡೆ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ಪಾತ್ರ ತಗೊಳ್ಳುವುದು, ಈ ಭಾಗದವರಿಗೆ ಅದನ್ನು ಹೇಳಬೇಕಿಲ್ಲ. ದುರ್ಯೋಧನ, ಭೀಮ, ಕೃಷ್ಣ ಅಂದರೆ ಪೈಪೋಟಿ. ವಿದುರ ಅಂದರೆ ಯಾರೂ ಮುಂದೆ ಬರುವುದಿಲ್ಲ. ನನಗೆ ಆ ಪಾತ್ರವೇ ಬೇಕಿತ್ತು, ಕೇಳಿ ತಗೊಂಡೆ.

ಪದ್ಯ ಕೂತಿದೆ, ಮಾತೂ ಬಾಯಿಗೆ ಬಂದಿದೆ. ತೊಂದರೆ ಇರುವುದು ಮಾತಿಲ್ಲದ ಕಡೆ. ಸಭೆಯಲ್ಲಿ ದುರ್ಯೋಧನ ಅಬ್ಬರಿಸುತ್ತಿರುತ್ತಾನೆ, ಒಂದಾದ ಮೇಲೊಂದು ಪದ್ಯ ಹೇಳುತ್ತಾನೆ, ಜನ ಒನ್ಸ್‌ಮೋರ್ ಅಂದರೆ ಮತ್ತೆ ಹೇಳುತ್ತಾನೆ. ಅಷ್ಟು ಹೊತ್ತು ನಾನು ಪಕ್ಕದಲ್ಲಿ ನಿಂತಿರಬೇಕು. ಕೈ ಎಲ್ಲಿಡಬೇಕು, ಯಾರ ಕಡೆ ನೋಡಬೇಕು, ಏನೂ ತೋಚುವುದಿಲ್ಲ. ಸುಮ್ನೆ ನಿಂತರೆ ಕಂಬದ ಹಾಗೆ ಕಾಣುತ್ತೇನೆ, ತಲೆ ಆಡಿಸಿದರೆ ಸುಳ್ಳು ಅನ್ನಿಸುತ್ತದೆ. ನಮ್ಮ ಹಾರ್ಮೋನಿಯಂ ಮೇಷ್ಟ್ರು ನೋಡಿ ನೋಡಿ, 'ಅಶ್ವಥ್ ಅವರ ಸಿನಿಮಾ ನೋಡು, ಎದುರಿಗಿದ್ದವರು ಮಾತಾಡುವಾಗ ಅವರು ಏನು ಮಾಡುತ್ತಾರೆ ಅದನ್ನು ನೋಡು' ಅಂದರು. ನನಗೆ 'ನಾಗರಹಾವು' ಸಿನಿಮಾದ ಚಾಮಯ್ಯ ಮೇಷ್ಟ್ರು ಗೊತ್ತು, ಅದು ಬಿಟ್ಟರೆ ಜಾಸ್ತಿ ಗೊತ್ತಿಲ್ಲ. ಅವರು ಎಲ್ಲಿಂದ ಬಂದವರು, ಕಂಪನಿ ನಾಟಕದವರಾ, ಆ ಥರ ನಟನೆ ಎಲ್ಲಿ ಕಲಿತರು, ಯಾವ ಸಿನಿಮಾ ನೋಡಿದರೆ ನನಗೆ ಉಪಯೋಗ ಆಗುತ್ತದೆ? ಮೈಸೂರಿನವರು ಇಲ್ಲಿ ತುಂಬ ಜನ ಇದ್ದೀರಿ, ತಿಳಿಸಿ.

ಅಗ್ರಹಾರ_ಸರ್ಕಲ್:

ತಮ್ಮಾ, ನಿಮ್ಮ ಮೇಷ್ಟ್ರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಸರಿಯಾದ ಜಾಗಕ್ಕೇ ಕಳಿಸಿದ್ದಾರೆ.

ಅವರು ನಮ್ಮೂರಿನವರು, ಮೈಸೂರಿನವರು. ಹುಟ್ಟಿದ್ದು 1925ರ ಮಾರ್ಚ್ 25. ಪೂರ್ತಿ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಇಂಟರ್‌ಮೀಡಿಯೆಟ್‌ವರೆಗೆ ಓದಿದರು, 1942ರ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದರು, ಓದು ಅಲ್ಲಿಗೆ ನಿಂತಿತು. ಆಮೇಲೆ ಸರ್ಕಾರಿ ಕೆಲಸ, ಫುಡ್ ಇನ್‌ಸ್ಪೆಕ್ಟರ್ ಆಗಿದ್ದರು. ಕಂಪನಿ ನಾಟಕದವರಾ ಅಂತ ಕೇಳಿದಿರಿ. ಅಲ್ಲ. ಅವರ ಓರಗೆಯವರಲ್ಲಿ ಬಹಳ ಜನ ಕಂಪನಿಯಿಂದ ಬಂದವರು. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು, ನರಸಿಂಹರಾಜು, ಬಾಲಣ್ಣ ಇವರೆಲ್ಲ ಕಂಪನಿಯ ಅನ್ನ ಉಂಡವರು. ಅಶ್ವಥ್ ಮಾತ್ರ ಹವ್ಯಾಸಿ ನಾಟಕ ಮತ್ತು ರೇಡಿಯೋ ನಾಟಕದಿಂದ ಬಂದವರು. ಹಗಲು ಆಫೀಸು, ಸಂಜೆ ನಾಟಕ. ಆಗ ಮೈಸೂರಿನಲ್ಲಿ ಇದು ಸಾಮಾನ್ಯ. ಮೇಷ್ಟ್ರುಗಳು, ಗುಮಾಸ್ತರು, ಕಾಲೇಜು ಹುಡುಗರು ಸೇರಿ ತಂಡ ಕಟ್ಟಿಕೊಂಡು ಟೌನ್‌ಹಾಲ್‌ನಲ್ಲೋ ಜಗನ್ಮೋಹನ ಅರಮನೆಯಲ್ಲೋ ನಾಟಕ ಆಡುತ್ತಿದ್ದರು.

ರೇಡಿಯೋ ವಿಷಯ ಹೇಳದಿದ್ದರೆ ಮೈಸೂರಿನ ಕಥೆ ಪೂರ್ತಿ ಆಗುವುದಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಊರು ಇದು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಇಲ್ಲಿಂದಲೇ. ಆ ಮೈಕಿನ ಮುಂದೆ ನಿಂತು ನಾಟಕ ಓದಿದ ಒಂದು ತಲೆಮಾರು ಇಲ್ಲಿತ್ತು, ಅಶ್ವಥ್ ಅವರಲ್ಲಿ ಒಬ್ಬರು.

ಮೊದಲ ಸಿನಿಮಾ 1955ರ 'ಸ್ತ್ರೀರತ್ನ'. ನಾಯಕನಾಗಿಯೇ ಬಂದರು. ಆದರೆ ನಾಯಕರಾಗಿ ಉಳಿಯಲಿಲ್ಲ, ಪೋಷಕ ಪಾತ್ರಗಳಿಗೆ ಬಂದರು. ಪೌರಾಣಿಕ ಚಿತ್ರಗಳ ಕಾಲದಲ್ಲಿ ನಾರದ ಅಂದರೆ ಅಶ್ವಥ್ ಅನ್ನುವ ಹಾಗಾಯಿತು. ಆಮೇಲೆ ಸಾಮಾಜಿಕ ಚಿತ್ರಗಳು ಜಾಸ್ತಿ ಆದವು, ಅಲ್ಲಿ ತಂದೆ, ಮಾವ, ಮೇಷ್ಟ್ರು, ಮನೆಯ ಹಳೇ ಆಳು. ಪಂಢರಿಬಾಯಿ ಅವರ ಜೊತೆ ಎಷ್ಟು ಚಿತ್ರಗಳಲ್ಲಿ ಗಂಡ ಹೆಂಡತಿ ಆಗಿದ್ದರು ಅಂದರೆ, ತೆರೆ ಮೇಲೆ ಇಬ್ಬರೂ ಒಟ್ಟಿಗೆ ಕಂಡ ಕೂಡಲೇ ಅದು ಒಂದು ಮನೆ ಅಂತ ಅನ್ನಿಸಿಬಿಡುತ್ತಿತ್ತು, ಬೇರೆ ಏನೂ ಹೇಳಬೇಕಾಗಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಚಿತ್ರ. 'ನಮ್ಮ ಮಕ್ಕಳು' ಮತ್ತು 'ನಾಗರಹಾವು' ಚಿತ್ರಗಳಿಗೆ ಪೋಷಕ ನಟ ಅಂತ ರಾಜ್ಯ ಪ್ರಶಸ್ತಿ ಬಂತು.

ಒಂದು ವಿಷಯ ಗಮನಿಸಿ. ರಾಜ್‌ಕುಮಾರ್ ಹುಟ್ಟಿದ್ದು 1929. ಅಶ್ವಥ್ ರಾಜ್‌ಕುಮಾರ್ ಅವರಿಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೂ ಅವರ ಎದುರು ಹಿರಿಯರಾಗಿ ನಿಂತರೆ ನಾವು ಒಂದು ಕ್ಷಣವೂ ಅನುಮಾನ ಪಡಲಿಲ್ಲ. ಚಾಮಯ್ಯ ಮೇಷ್ಟ್ರಾದಾಗ ಅವರಿಗೆ 47. ಬರೀ ಕೂದಲಿಗೆ ಬಿಳಿ ಬಣ್ಣ ಹಚ್ಚಿದರೆ ಆ ವಯಸ್ಸು ಬರುವುದಿಲ್ಲ.

ಇನ್ನೊಂದು. ಆಗ ಕನ್ನಡ ಸಿನಿಮಾ ಕೆಲಸ ಹೆಚ್ಚು ಕಡಿಮೆ ಎಲ್ಲಾ ಮದ್ರಾಸಿನಲ್ಲಿ. ಇಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು ನಿಜ, ಆದರೂ ಹೆಸರು ಮಾಡಿದ ಮೇಲೆ ಬಹಳ ಜನ ಮದ್ರಾಸಿಗೆ, ಆಮೇಲೆ ಬೆಂಗಳೂರಿಗೆ ಹೋದರು. ಅಶ್ವಥ್ ಮೈಸೂರಿನಲ್ಲೇ ಇದ್ದರು, 2010ರ ಜನವರಿ 18ರಂದು ತೀರಿಕೊಂಡಿದ್ದೂ ಇಲ್ಲೇ. ಅದಕ್ಕೆ ಹತ್ತೊಂಬತ್ತು ದಿನ ಮುಂಚೆ, ಡಿಸೆಂಬರ್ 30ಕ್ಕೆ, 'ನಾಗರಹಾವು' ಚಿತ್ರದಲ್ಲಿ ಮೇಷ್ಟ್ರ ಶಿಷ್ಯ ರಾಮಾಚಾರಿ ಆಗಿದ್ದ ವಿಷ್ಣುವರ್ಧನ್ ಹೋಗಿದ್ದರು, ಅವರೂ ಮೈಸೂರಿನಲ್ಲೇ. ರಾಮಾಚಾರಿ ಹಿಂದೆಯೇ ಮೇಷ್ಟ್ರೂ ಹೋದರು ಅಂತ ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಭಾವಗೀತೆ_ಪ್ರಿಯ:

ಸಣ್ಣ ಸೇರ್ಪಡೆ, ಹುಡುಕುವವರಿಗೆ ಅನುಕೂಲ ಆಗಲಿ ಅಂತ. ಅಶ್ವಥ್ ಅಂತ ಮಾತ್ರ ಹಾಕಿ ಹುಡುಕಿದರೆ ಗಾಯಕ ಸಿ. ಅಶ್ವಥ್ ಅವರೂ ಬರುತ್ತಾರೆ, ಸುಗಮ ಸಂಗೀತದವರು. ಅವರು ತೀರಿಕೊಂಡಿದ್ದು 2009ರ ಡಿಸೆಂಬರ್ 29, ಅಂದರೆ ವಿಷ್ಣು ಅವರ ಹಿಂದಿನ ದಿನ. ಮೂರೂ ಸಾವು ಹತ್ತಿರ ಹತ್ತಿರ ಆಗಿದ್ದರಿಂದ ಎಷ್ಟೋ ಕಡೆ ಮಾಹಿತಿ ಕಲಸಿಕೊಂಡಿದೆ. ಕೆ.ಎಸ್. ಅಂತ ಇನಿಷಿಯಲ್ ಸೇರಿಸಿ ಹುಡುಕಿ.

ಸಂಜೆ_ರಿಹರ್ಸಲ್:

ನಾನು ಮೈಸೂರಿನಲ್ಲಿ ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತೇನೆ, ರೇಡಿಯೋ ನಾಟಕಕ್ಕೂ ಧ್ವನಿ ಕೊಟ್ಟಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ 'ಎಲ್ಲಿ ಕಲಿತರು' ಅನ್ನುವ ಭಾಗಕ್ಕೆ ನನಗೆ ಅನ್ನಿಸಿದ್ದು ಹೇಳುತ್ತೇನೆ.

ಕಂಪನಿ ನಟರಿಗೆ ಮೈಕ್ ಇಲ್ಲದೆ ಕಡೇ ಸಾಲಿನವರಿಗೂ ಕೇಳಿಸುವ ಹಾಗೆ ಮಾತಾಡುವುದು ರೂಢಿ. ಅದು ದೊಡ್ಡ ವಿದ್ಯೆ, ಅದನ್ನು ನಾನು ಕಡಿಮೆ ಅಂತ ಹೇಳುತ್ತಿಲ್ಲ. ರೇಡಿಯೋದಲ್ಲಿ ಅದೇ ದನಿ ಹಾಕಿದರೆ ಕೆಟ್ಟು ಹೋಗುತ್ತದೆ. ಮೈಕ್ ಬಾಯಿಯ ಹತ್ತಿರ ಇರುತ್ತದೆ, ಉಸಿರು ಎಳೆದುಕೊಂಡಿದ್ದೂ ಕೇಳುತ್ತದೆ. ಅಲ್ಲಿ ಮುಖ ಇಲ್ಲ, ಕೈ ಇಲ್ಲ, ಸಿಟ್ಟು ಬಂದಿದ್ದರೆ ಅದು ಮಾತಿನ ಕೊನೆಯ ಅಕ್ಷರದಲ್ಲಿ ಬರಬೇಕು. ಇನ್ನೊಬ್ಬರು ಮಾತಾಡುವಾಗ ನೀವು ಅದನ್ನು ನಿಜವಾಗಿ ಕೇಳಿಸಿಕೊಂಡಿಲ್ಲ ಅಂದರೆ ನಿಮ್ಮ ಮುಂದಿನ ಮಾತು ಓದಿದ ಹಾಗೇ ಇರುತ್ತದೆ, ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಅಶ್ವಥ್ ಅವರ ಮಾತಲ್ಲಿ ನನಗೆ ಯಾವಾಗಲೂ ಕಾಣುವುದು ಇದೇ. ಎದುರಿನವರ ಮಾತು ಒಳಗೆ ಇಳಿದ ಮೇಲೆ ಅವರ ಉತ್ತರ ಹೊರಡುತ್ತದೆ. ಅದಕ್ಕೇ ಅವರು ಅಷ್ಟು ನಿಧಾನ ಅನ್ನಿಸುತ್ತಾರೆ. ನಿಧಾನ ಅಂದರೆ ಎಳೆಯುವುದಿಲ್ಲ, ಕಾಯುತ್ತಾರೆ.

'ನಾಗರಹಾವು' ನೀವು ನೋಡಿದ್ದೀರಿ, ಮತ್ತೆ ನೋಡಿ. ಈ ಸಲ ರಾಮಾಚಾರಿ ಕಡೆ ನೋಡಬೇಡಿ, ಅದು ಕಷ್ಟ, ವಿಷ್ಣು ಕಣ್ಣು ಎಳೆದುಕೊಂಡು ಹೋಗುತ್ತಾರೆ. ಪ್ರಯತ್ನಪಟ್ಟು ಮೇಷ್ಟ್ರ ಮುಖವನ್ನೇ ನೋಡಿ. ಎಲ್ಲರೂ ಚಾಮಯ್ಯ ಮೇಷ್ಟ್ರು ಒಳ್ಳೆಯವರು, ದೇವರಂಥವರು ಅನ್ನುತ್ತಾರೆ. ಕಥೆ ಅಷ್ಟು ಸುಲಭ ಇಲ್ಲ. ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಗೆ ಹೇಳಿ ಒಪ್ಪಿಸುವುದು ಇದೇ ಮೇಷ್ಟ್ರು. ಆಮೇಲೆ ಅಲಮೇಲು ಬಾಳು ಹಾಳಾಗಿದ್ದನ್ನು ರಾಮಾಚಾರಿ ಕಣ್ಣಾರೆ ನೋಡುತ್ತಾನೆ. ಮತ್ತೆ ಮಾರ್ಗರೇಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಅಂದರೆ ಶಿಷ್ಯನ ಬಾಳು ಹೀಗಾಗುವುದಕ್ಕೆ ಮೇಷ್ಟ್ರ ಒಳ್ಳೆಯತನವೇ ಕಾರಣ. ಇದನ್ನು ಬೇರೆ ನಟ ಮಾಡಿದ್ದರೆ ಒಂದೋ ಮೇಷ್ಟ್ರು ಕೆಟ್ಟವರ ಹಾಗೆ ಕಾಣುತ್ತಿದ್ದರು, ಇಲ್ಲ ಕಣ್ಣೀರು ಹಾಕಿ ನಮ್ಮಿಂದ ಕ್ಷಮೆ ಕೇಳುತ್ತಿದ್ದರು. ಅಶ್ವಥ್ ಎರಡೂ ಮಾಡುವುದಿಲ್ಲ. ತಾನು ಹೇಳುತ್ತಿರುವುದು ಸರಿ ಅಂತ ಆ ಮನುಷ್ಯ ಪೂರ್ತಿ ನಂಬಿದ್ದಾನೆ, ಹುಡುಗನ ಮೇಲೆ ಪ್ರಾಣ ಇಟ್ಟಿದ್ದಾನೆ, ಎರಡೂ ಒಂದೇ ಮುಖದಲ್ಲಿ ಇರುತ್ತದೆ. ಕೊನೆಯಲ್ಲಿ ಬೆಟ್ಟದ ಮೇಲೆ ಆ ಹುಡುಗನ ಕೈಯಲ್ಲೇ ತಳ್ಳಿಸಿಕೊಂಡು ಸಾಯುತ್ತಾರಲ್ಲ, ಅಲ್ಲಿ ನಮಗೆ ಇಬ್ಬರಲ್ಲಿ ಯಾರ ಮೇಲೂ ಕೋಪ ಬರುವುದಿಲ್ಲ. ಪುಟ್ಟಣ್ಣ ಅವರ ನಿರ್ದೇಶನ ಇದೆ, ತ.ರಾ.ಸು. ಅವರ ಕಥೆ ಇದೆ, ಒಪ್ಪುತ್ತೇನೆ. ಆದರೆ ಆ ಕೋಪ ಬರದಂತೆ ಹಿಡಿದಿಟ್ಟಿದ್ದು ಅಶ್ವಥ್.

ನಿಮ್ಮ ವಿದುರನೂ ಇಂಥವನೇ ಅಲ್ವಾ? ತಪ್ಪು ನಡೆಯುತ್ತಿದೆ ಅಂತ ಗೊತ್ತು, ಹೇಳುತ್ತಾನೆ, ಯಾರೂ ಕೇಳುವುದಿಲ್ಲ, ಆದರೂ ಆ ಮನೆಯನ್ನು ಬಿಟ್ಟು ಹೋಗಲಾರ.

ಪಾತ್ರಧಾರಿ_ಪಾಂಡವಪುರ:

ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ಇದನ್ನು ಹಾಗೇ ನಮ್ಮ ಹಳ್ಳಿ ಸ್ಟೇಜಿಗೆ ತಂದರೆ ಹುಡುಗ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ನಾನು ಈ ನಾಟಕಗಳಲ್ಲಿ ಶಕುನಿ, ಭೀಷ್ಮ, ಧೃತರಾಷ್ಟ್ರ ಎಲ್ಲಾ ಮಾಡಿದವನು, ಅನುಭವದಿಂದ ಹೇಳುತ್ತೇನೆ.

ಸಿನಿಮಾದಲ್ಲಿ ಕ್ಯಾಮೆರಾ ಹತ್ತಿರ ಬರುತ್ತದೆ. ಅಶ್ವಥ್ ಕಣ್ಣು ಒಂದು ಚೂರು ಕೆಳಗೆ ಇಳಿಸಿದರೆ ಥಿಯೇಟರಿನಲ್ಲಿ ಕೂತ ಅಷ್ಟೂ ಜನಕ್ಕೂ ಕಾಣುತ್ತದೆ. ನಮ್ಮಲ್ಲಿ ಸೀನರಿಯ ಮುಂದೆ ಝಗಮಗ ಲೈಟು, ತಲೆ ಮೇಲೆ ನೇತು ಹಾಕಿದ ಮೈಕು, ಮೈದಾನದಲ್ಲಿ ಚಾಪೆ ಹಾಸಿಕೊಂಡು ಕೂತ ಜನ, ಅರ್ಧ ಜನ ಬೋಂಡ ಅಂಗಡಿ ಹತ್ತಿರ. ರಾತ್ರಿ ಎರಡು ಗಂಟೆಗೆ ವಿದುರ ಕಣ್ಣು ಇಳಿಸಿದ್ದು ಯಾರಿಗೆ ಕಾಣುತ್ತದೆ? ಜೊತೆಗೆ ಕಿರೀಟ, ಭುಜಕೀರ್ತಿ, ಮುಖಕ್ಕೆ ಬಣ್ಣ. ಆ ಬಣ್ಣದ ಒಳಗೆ ಸಣ್ಣ ಭಾವನೆ ಎಲ್ಲಾ ಮುಚ್ಚಿ ಹೋಗುತ್ತದೆ. ನಮ್ಮ ನಾಟಕದ ಜೀವ ಇರುವುದು ಪದ್ಯದಲ್ಲಿ. ಕಂದಪದ್ಯವನ್ನು ಮಟ್ಟಿಗೆ ಸರಿಯಾಗಿ ಎತ್ತಿ, ಶ್ರುತಿ ಬಿಡದೆ ಹೇಳಿದರೆ ವಿದುರನಿಗೂ ಚಪ್ಪಾಳೆ ಬೀಳುತ್ತದೆ. ನೀವು ಮೊದಲು ದನಿ ನೋಡಿಕೊಳ್ಳಿ ತಮ್ಮಾ.

ಅಶ್ವಥ್ ಅವರನ್ನೇ ನೋಡಬೇಕು ಅಂದರೆ ಅವರ ನಾರದ ನೋಡಿ. ಪೌರಾಣಿಕ ಮಾತು ಹೇಗೆ ಆಡಬೇಕು ಅಂತ ಅಲ್ಲಿ ಗೊತ್ತಾಗುತ್ತದೆ. ನಮ್ಮ ಊರುಗಳಲ್ಲಿ ನಾರದ ಅಂದರೆ ಕುಣಿದುಕೊಂಡು ಬಂದು ಜನರನ್ನು ನಗಿಸಿ ಹೋಗುವ ಪಾತ್ರ ಆಗಿಬಿಟ್ಟಿದೆ. ಅವರ ನಾರದ ಹಾಗಲ್ಲ, ಮುಖದಲ್ಲಿ ನಗು ಇರುತ್ತದೆ, ಆದರೆ ಮುಂದೆ ಆಗುವುದೆಲ್ಲ ತಿಳಿದವರ ನಗು ಅದು. ಉಚ್ಚಾರಣೆ ಅಂತೂ ಅಚ್ಚುಕಟ್ಟು, ಒತ್ತಕ್ಷರ ಒಂದೂ ನುಂಗುವುದಿಲ್ಲ.

ಸಂಜೆ_ರಿಹರ್ಸಲ್:

ಪಾಂಡವಪುರದ ಅಣ್ಣ ಹೇಳಿದ್ದರಲ್ಲಿ ದನಿ ಮತ್ತು ಪದ್ಯದ ವಿಷಯ ನೂರಕ್ಕೆ ನೂರು ಸರಿ. ನಾರದನ ಬಗ್ಗೆ ಬರೆದಿದ್ದೂ ತುಂಬ ಇಷ್ಟವಾಯಿತು. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಹುಡುಗ ಕೇಳಿರುವುದು ಪದ್ಯದ ಬಗ್ಗೆ ಅಲ್ಲ, ಪದ್ಯ ಇಲ್ಲದಾಗ ಏನು ಮಾಡಲಿ ಅಂತ. ಕಣ್ಣು ಇಳಿಸಿದ್ದು ಮೈದಾನದಲ್ಲಿ ಕಾಣುವುದಿಲ್ಲ, ನಿಜ. ಆದರೆ ಮೈ ಕಾಣುತ್ತದೆ. ಅಶ್ವಥ್ ಅವರದು ಬರೀ ಕಣ್ಣಿನ ನಟನೆ ಅಂದುಕೊಳ್ಳಬಾರದು.

'ಕಸ್ತೂರಿ ನಿವಾಸ' ತೆಗೆದುಕೊಳ್ಳಿ, 1971ರದು, ದೊರೈ ಭಗವಾನ್ ನಿರ್ದೇಶನ. ಅದರಲ್ಲಿ ಅವರು ರಾಮಯ್ಯ, ಮನೆಯ ಹಳೇ ಆಳು. ರಾಜ್‌ಕುಮಾರ್ ಕೊಡುಗೈ ಯಜಮಾನ, ಕೊಟ್ಟು ಕೊಟ್ಟು ಎಲ್ಲಾ ಕಳೆದುಕೊಳ್ಳುತ್ತಾರೆ. ಸಿರಿ ಇದ್ದಾಗಿನ ರಾಮಯ್ಯನನ್ನೂ ಬಡತನ ಬಂದಾಗಿನ ರಾಮಯ್ಯನನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾತು ನಿಲ್ಲಿಸಿ, ಟಿವಿ ಸೌಂಡ್ ತೆಗೆದು ನೋಡಿ. ಯಜಮಾನನಿಂದ ಎಷ್ಟು ದೂರ ನಿಲ್ಲುತ್ತಾರೆ, ಬೆನ್ನು ಎಷ್ಟು ಬಾಗಿರುತ್ತದೆ, ಯಾವಾಗ ಹತ್ತಿರ ಬರುತ್ತಾರೆ. ಯಜಮಾನ ದಾರಿ ತಪ್ಪುತ್ತಿಲ್ಲ, ಆದರೆ ಮುಳುಗುತ್ತಿದ್ದಾನೆ ಅಂತ ಆಳಿಗೆ ಗೊತ್ತಿದೆ. ತಡೆಯುವ ಅಧಿಕಾರ ಇಲ್ಲ. ಆ ಅಧಿಕಾರ ಇಲ್ಲ ಅನ್ನುವುದು ಅವರು ನಿಂತಿರುವುದರಲ್ಲೇ ಇದೆ. ಇದು ಮೈದಾನದ ಕಡೇ ಸಾಲಿಗೂ ಕಾಣುತ್ತದೆ ಅಣ್ಣ, ಇದಕ್ಕೆ ಕ್ಯಾಮೆರಾ ಬೇಡ.

ಮತ್ತೆ ಒಂದು ಮಾತು, ಇದು ನನಗೆ ಮುಖ್ಯ ಅನ್ನಿಸುತ್ತದೆ. ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಔದಾರ್ಯ ನಮಗೆ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಅರ್ಧ ಕಾರಣ, ಅದನ್ನು ರಾಮಯ್ಯ ನೋಡುತ್ತಿದ್ದಾನೆ. ನಾವು ಅವನ ಮುಖದ ಮೂಲಕ ನೋಡುತ್ತೇವೆ. ಪೋಷಕ ನಟ ಅಂತ ಸುಮ್ನೆ ಕರೆದಿಲ್ಲ. ನಾಯಕನ ಪಾತ್ರವನ್ನು ಸಾಕಿ ಬೆಳೆಸುವುದು ಇವರೇ. ಪ್ರಶಸ್ತಿ ಪಟ್ಟಿಗಳಲ್ಲಿ ಎರಡನೇ ಸಾಲಿನಲ್ಲಿ ಹಾಕುತ್ತೇವೆ, ಪೋಸ್ಟರ್‌ನಲ್ಲಿ ಮೂಲೆಯಲ್ಲಿ ಹಾಕುತ್ತೇವೆ, ನನಗೆ ಅದು ನಿಜವಾಗಲೂ ಬೇಜಾರು. ಮೈಸೂರಿನಲ್ಲಿ ನಾಟಕ ಕಲಿಯುವ ಹುಡುಗರಿಗೆ ಹೊರದೇಶದ ನಟರ ಹೆಸರೆಲ್ಲ ಬಾಯಿಪಾಠ, ಇದೇ ಊರಿನ ಈ ಮನುಷ್ಯನ ನಾಲ್ಕು ಪಾತ್ರ ಕೇಳಿದರೆ ಚಾಮಯ್ಯ ಆದ ಮೇಲೆ ನಿಂತುಬಿಡುತ್ತಾರೆ.

ಅಗ್ರಹಾರ_ಸರ್ಕಲ್:

ಆ ಬೇಜಾರು ನನಗೂ ಇದೆ ಅಮ್ಮಾ. ಅವರ ಕೊನೆಯ ಕಾಲದ ಚಿತ್ರಗಳನ್ನೂ ಒಂದು ಸಲ ಹೇಳಿಬಿಡುತ್ತೇನೆ. 1990ರ 'ಮುತ್ತಿನ ಹಾರ' ನೋಡಿ, ಅಲ್ಲಿ ವಿಷ್ಣುವರ್ಧನ್ ಸೈನಿಕ. ಮೇಷ್ಟ್ರೂ ಶಿಷ್ಯನೂ ಹದಿನೆಂಟು ವರ್ಷದ ಮೇಲೆ ಹೇಗೆ ಎದುರುಬದುರು ನಿಲ್ಲುತ್ತಾರೆ ಅಂತ ನೋಡುವುದಕ್ಕಾದರೂ ನೋಡಬೇಕು. ಆಮೇಲೆ ತೊಂಬತ್ತರ ದಶಕದಲ್ಲಿ ನಟನೆ ಕಡಿಮೆ ಮಾಡಿಬಿಟ್ಟರು, ರಾಜ್‌ಕುಮಾರ್ ಅವರ ಕೊನೆಯ ಚಿತ್ರ 'ಶಬ್ದವೇಧಿ'ಯಲ್ಲಿ, 2000ದಲ್ಲಿ, ಮತ್ತೆ ಕಂಡರು.

ಮದ್ದೂರು_ಗಾಳಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. 'ಕಸ್ತೂರಿ ನಿವಾಸ' ಸೌಂಡ್ ತೆಗೆದು ಅರ್ಧ ನೋಡಿದೆ. ನನಗೆ ಕಣ್ಣಿಗೆ ಬಿದ್ದಿದ್ದು ಅವರ ಕೈ. ಕೈ ಯಾವಾಗಲೂ ಏನೋ ಒಂದು ಕೆಲಸದಲ್ಲಿ ಇದೆ, ಇಲ್ಲ ಅಂದರೆ ಸುಮ್ನೆ ಇದೆ. ಮಾತಿಗೆ ತಕ್ಕ ಹಾಗೆ ಆಡಿಸುವುದು ಕಡಿಮೆ. ಮೇಡಂ, ಪಾಂಡವಪುರದ ಅಣ್ಣ, ಇಬ್ಬರಿಗೂ ಒಂದು ಪ್ರಶ್ನೆ. ನಮ್ಮ ನಾಟಕದಲ್ಲಿ ದುರ್ಯೋಧನ ಅವಮಾನ ಮಾಡಿದಾಗ ವಿದುರ ಬಿಲ್ಲು ಮುರಿಯುವ ಸೀನ್ ಇದೆ, ಕುಮಾರವ್ಯಾಸನಲ್ಲಿ ಇರುವ ಹಾಗೆ. ಅದು ನನ್ನ ದೊಡ್ಡ ಸೀನ್. ಅಲ್ಲೂ ತಗ್ಗಿಯೇ ಮಾಡಲಾ, ಇಲ್ಲ ಅಬ್ಬರಿಸಲಾ?

ಪಾತ್ರಧಾರಿ_ಪಾಂಡವಪುರ:

ಅಬ್ಬರಿಸಿ! ಅದಕ್ಕೇ ಇರುವ ಸೀನ್ ಅದು. ಅಲ್ಲಿಯವರೆಗೆ ತಗ್ಗಿ ಮಾಡಿ, ಮೇಡಂ ಹೇಳಿದ ಹಾಗೆ ದೂರ ನಿಂತು, ಕೈ ಕಟ್ಟಿ. ಅದು ಈಗ ನನಗೂ ಸರಿ ಅನ್ನಿಸುತ್ತಿದೆ, ಯಾಕೆಂದರೆ ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡದ ಮನುಷ್ಯ ಒಂದೇ ಸಲ ದನಿ ಎತ್ತಿದರೆ ಬೋಂಡ ಅಂಗಡಿ ಹತ್ತಿರ ಇರುವವರೂ ತಿರುಗಿ ನೋಡುತ್ತಾರೆ. ಬಿಲ್ಲನ್ನು ಮೊದಲೇ ಸೀನರಿಯವರ ಹತ್ತಿರ ಕೇಳಿ ಸರಿಯಾಗಿ ಅರ್ಧ ಕೊಯ್ಯಿಸಿ ಇಟ್ಟುಕೊಳ್ಳಿ, ಮುರಿಯದೆ ಒದ್ದಾಡಿದರೆ ಸೀನೇ ಕೆಡುತ್ತದೆ.

ಸಂಜೆ_ರಿಹರ್ಸಲ್:

ಅಣ್ಣ ಹೇಳಿದ ಹಾಗೇ ಮಾಡಿ. ನನ್ನದು ಇಷ್ಟೇ, ಬಿಲ್ಲು ಮುರಿಯುವುದಕ್ಕೆ ಮುಂಚೆ ದುರ್ಯೋಧನನ ಕೊನೆಯ ಮಾತು ಪೂರ್ತಿ ಮುಗಿಯಲಿ. ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿ ಅಲ್ಲಿ ಶ್ರುತಿ ಮಾತ್ರ ಇಟ್ಟುಕೊಳ್ಳಲಿ, ಬೇರೆ ಏನೂ ನುಡಿಸುವುದು ಬೇಡ. ನೀವು ಧೃತರಾಷ್ಟ್ರನ ಕಡೆ ಒಮ್ಮೆ ತಿರುಗಿ ನೋಡಿ, ಅಣ್ಣ ಈಗಲಾದರೂ ಮಗನನ್ನು ತಡೆಯುತ್ತಾನಾ ಅಂತ. ಅವನು ಸುಮ್ಮನಿರುತ್ತಾನೆ. ಆಮೇಲೆ ಮುರಿಯಿರಿ. ಧೃತರಾಷ್ಟ್ರನ ಪಾತ್ರದವರಿಗೂ ಇದನ್ನು ಮೊದಲೇ ಹೇಳಿಡಿ, ಆ ಹೊತ್ತಿನಲ್ಲಿ ಅವರು ಕಿರೀಟ ಸರಿಮಾಡಿಕೊಳ್ಳುತ್ತಾ ಕೂತಿರಬಾರದು. ನಾಟಕ ಯಾವತ್ತು ಅಂತ ಇಲ್ಲಿ ಹಾಕಿ, ನಮ್ಮ ತಂಡದವರು ಬರುತ್ತೇವೆ.